ಪ್ಲೇಟಿನ ಕೊನೆಯ ಒಡಪು

ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲು ತೊಳೆದಾಗಿತ್ತು. ಸರ್ವಮಂಗಳಾ ಅದನ್ನು ಎರಡೂ ಅಂಗೈಗಳ ನಡುವೆ ಅಂಚು ಹಿಡಿದು ಮಗುಚಿ, ಅಡುಗೆ ಕಟ್ಟೆಯ ಮೇಲೆ ಹಾಸಿದ್ದ ಹಳೆಯ ಟವೆಲಿನ ಮೇಲೆ ಮಲಗಿಸಿದಳು. ನಡುವೆ ಅಂಟಿಸಿದ ಕಾಗದದ ಬಿಲ್ಲೆಗೆ ನೀರು ತಾಗಬಾರದು. ಅದರ ಮೇಲೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ಬೋರಲು ಹಾಕಿ ಎಡಗೈಯಲ್ಲಿ ಒತ್ತಿಕೊಂಡಳು. ಬಲಗೈಯಲ್ಲಿ ಸೋಪಿನ ನೀರಿಗೆ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆ. ಗೆರೆ ಹೋದ ಕಡೆಗೇ ಕೈ ಹೋಗಬೇಕು, ಅಡ್ಡ ಉಜ್ಜಿದರೆ ಧೂಳು ಇನ್ನಷ್ಟು ಒಳಗೆ ಕೂರುತ್ತದೆ. ಸ್ಪಿರಿಟ್ ಅಂತೂ ಮುಟ್ಟಿಸುವಂತೆಯೇ ಇಲ್ಲ. ಅರಗಿನಿಂದ ಮಾಡಿದ ಪ್ಲೇಟು. ಸ್ಪಿರಿಟ್ ಬಿದ್ದರೆ ಹಾಡೇ ಕರಗಿ ಹೋದೀತು.

ಕುಕ್ಕರ್ ಕೂಗಿತು. ಕೈ ಬಿಡುವಂತಿರಲಿಲ್ಲ.

“ಅತ್ತೆಮ್ಮ, ಒಲೆ ಸಣ್ಣ ಮಾಡ್ತೀರಾ?”

ಹಜಾರದಲ್ಲಿ ಕುರ್ಚಿಯ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅವಳ ಅತ್ತೆ ಬಸವಣ್ಣೆಮ್ಮ ಗೋಡೆ ಹಿಡಿದುಕೊಂಡು ಬಂದು ಒಲೆ ಸಣ್ಣ ಮಾಡಿದರು. ಕಟ್ಟೆಯ ಕಡೆ ನೋಡಿ, “ಇದೇನವ್ವ, ಎಳೆಕೂಸಿಗೆ ಎರೆದಂಗೆ ಎರೀತೀಯಾ? ಹೆತ್ತ ಮಗಳಿಗೂ ಇಷ್ಟು ನಾಜೂಕಾಗಿ ಎರೀಲಿಲ್ಲ ನೀನು” ಎಂದರು.

“ಮಗಳು ಅತ್ರೆ ಮತ್ತೆ ಹಾಡಬೌದು ಅತ್ತೆಮ್ಮ. ಇದು ಒಂದ್ಸಲ ಬಾಯಿ ಮುಚ್ಚಿದ್ರೆ ಮುಗೀತು.”

ಸರ್ವಮಂಗಳಾ ದಾವಣಗೆರೆಯ ಪಿಯು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತಾಳೆ. ಬ್ರಿಟಿಷರ ಕಾಲದಲ್ಲಿ ಬಂದ ಕನ್ನಡ ಹಾಡುಗಳ ಪ್ಲೇಟು ಹುಡುಕುವುದು, ತೊಳೆಯುವುದು, ಕಂಪ್ಯೂಟರಿಗೆ ಇಳಿಸುವುದು, ಹಾಡಿದವರು ಯಾರೆಂದು ಪತ್ತೆ ಮಾಡಿ ಹಳೆಯ ಹಾಡುಗಳ ಸಂಗ್ರಹಾಲಯವೊಂದಕ್ಕೆ ಬರೆಯುವುದು, ಈ ಹುಚ್ಚಿಗೆ ಬಿದ್ದು ಕೆಲವು ವರ್ಷಗಳಾಗಿದ್ದವು. ಕಂಡವರ ಅಟ್ಟ, ಹರಿಹರದ ಗುಜರಿ ಅಂಗಡಿ ಎಲ್ಲ ಸುತ್ತಿದವಳಿಗೆ ಗಂಡನ ಮನೆಯ ಅಟ್ಟದಲ್ಲೇ ಒಂದು ಕಟ್ಟು ಸಿಕ್ಕಿತ್ತು. ಹಳೇಪೇಟೆಯ ಮನೆಯನ್ನು ಗೋದಾಮು ಮಾಡಲೆಂದು ಖಾಲಿ ಮಾಡುವಾಗ ಗೋಣಿತಾಟಿನಲ್ಲಿ ಸುತ್ತಿದ ಪ್ಲೇಟುಗಳು. ಒಂದನ್ನು ಬಿಟ್ಟು ಉಳಿದವೆಲ್ಲ ಒಡೆದಿದ್ದವು. ಉಳಿದದ್ದು ಇದು.

ಗಂಡ ಬಕ್ಕೇಶ್ ಮೊದಲು “ಗುಜರಿ” ಎಂದು ನಕ್ಕಿದ್ದ. ಆಮೇಲೆ ಅವನಿಗೆ ಇದರಲ್ಲಿ ಲಾಭ ಕಂಡಿತು. ಅವನ ತಾತ ವಾಮದೇವಪ್ಪನವರು ಶುರು ಮಾಡಿದ ವ್ಯಾಪಾರದ ಮಂಡಿಗೆ ಈ ವರ್ಷ ನೂರು ತುಂಬುತ್ತದೆ. ಭಾನುವಾರ ಸಮಾರಂಭ. ತಾತ ಒಂದು ಕಾಲಕ್ಕೆ ನಾಟಕ ಕಂಪನಿಯನ್ನೂ ಸಾಕಿದ್ದರಂತೆ; ಆ ಕಂಪನಿಯ ಹಾಡೇ ಸಿಕ್ಕರೆ ಬಿಡುವುದುಂಟೇ? ಸ್ಮರಣ ಸಂಚಿಕೆಯಲ್ಲಿ “ಕಲಾಪೋಷಕ ವಾಮದೇವಪ್ಪನವರು” ಎಂದು ಒಂದು ಲೇಖನ, ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಪ್ಲೇಟು, ಸ್ಪೀಕರಿನಲ್ಲಿ ಹಾಡು.

ಹಾಡಿದವಳ ಹೆಸರು ಮಾತ್ರ ಸಿಕ್ಕಿರಲಿಲ್ಲ. ಬಿಲ್ಲೆಯ ಮೇಲೆ ಇಂಗ್ಲಿಷಿನಲ್ಲಿ ‘ಕ್ಯಾನರೀಸ್’, ಅಂದರೆ ಕನ್ನಡ, ‘ಫೀಮೇಲ್’ ಎಂದಿತ್ತು. ಹೆಸರಿನ ಜಾಗವನ್ನು ಯಾರೋ ಚೂಪಾದದ್ದರಿಂದ ಕೆರೆದಿದ್ದರು. ಆಗಿನ ಕಾಲದ ಹಲವು ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರೇ ತಮ್ಮ ಹೆಸರು ಹೇಳುವ ರೂಢಿಯಿತ್ತು. ಪ್ಲೇಟು ಅಚ್ಚಾಗುತ್ತಿದ್ದದ್ದು ಎಲ್ಲೋ ಸಮುದ್ರದಾಚೆ; ಇದು ಯಾರ ದನಿ ಎಂದು ಅಲ್ಲಿಯವರಿಗೆ ತಿಳಿಯಲಿ ಎಂದು. ಈ ಪ್ಲೇಟಿನಲ್ಲೂ ಹಾಡು ಮುಗಿದ ಮೇಲೆ ಅವಳು ಏನೋ ಹೇಳುತ್ತಿದ್ದಳು. ಆದರೆ ಕೊಳೆ ಕೂತ ಗೆರೆಗಳಲ್ಲಿ ಬರೀ ಕರಕರ; ಅದರ ನಡುವೆ ‘ವಾಮದೇವ’ ಎಂಬುದೊಂದೇ ಬಿಡಿಯಾಗಿ ಕೇಳುತ್ತಿತ್ತು.

ಸಂಚಿಕೆಯ ಸಂಪಾದಕ, ಡಿಗ್ರಿ ಕಾಲೇಜಿನ ಡಾ. ಹಾಲಸ್ವಾಮಿ ಅದನ್ನು ಕೇಳಿದ್ದೇ ತೀರ್ಪು ಕೊಟ್ಟಿದ್ದರು. ವಾಮದೇವ ಎಂದರೆ ಶಿವ. ಇದು ಅಂಕಿತ. ಹಾಡು ಪೇಟ ಸುತ್ತಿದ ಮದುಮಗನನ್ನು ಹಂಗಿಸುವಂಥದ್ದು, ಕಂಪನಿ ನಾಟಕದ ತಮಾಷೆಯ ಹಾಡು ಎಂದು ಸರ್ವಮಂಗಳಾ ಹೇಳಿದರೆ, “ಶರಣಸತಿ ಲಿಂಗಪತಿ ಭಾವ ಮೇಡಂ” ಎಂದಿದ್ದರು. ಭಕ್ತಿಗೀತೆ ಎಂದೇ ಅಚ್ಚಿಗೂ ಹೋಗಿತ್ತು. ಅವಳೂ ಹೂಂ ಎಂದಿದ್ದಳು.

ಒರೆಸಿ ಆರಿಸಿದ ಪ್ಲೇಟನ್ನು ಹಜಾರದ ಮೇಜಿನ ಮೇಲಿದ್ದ ಯಂತ್ರಕ್ಕೆ ಇಟ್ಟು ಮುಳ್ಳು ಇಳಿಸಿದಳು. ಇಷ್ಟು ದಿನ ಕಿವಿಗೆ ಹೆಡ್‌ಫೋನ್ ಹಾಕಿ ಒಬ್ಬಳೇ ಕೇಳಿದ್ದಳು. ಇವತ್ತು ಕೈ ಒದ್ದೆ ಇತ್ತೆಂದು ಸ್ಪೀಕರಿಗೇ ಬಿಟ್ಟಳು. ಹಾರ್ಮೋನಿಯಂ, ತಬಲ, ಅದರ ಮೇಲೆ ಹಿತ್ತಾಳೆ ಕೊಡ ಬಡಿದಂಥ ಹೆಣ್ಣಿನ ದನಿ. ಹಾಡು ಮುಗಿಯಿತು. ಆ ಹೆಂಗಸು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಆಮೇಲೆ, ಹಾಡಿನ ದನಿಯಲ್ಲಲ್ಲ, ಮನೆಯ ದನಿಯಲ್ಲಿ:

“ತುಂಗಭದ್ರೆಯ ಮಡುವಿಗೆ ಅಂಬಿಗನ ಹುಟ್ಟು,
ತೂಗುವ ತಕ್ಕಡಿಗೆ ಕಬ್ಬಿಣದ ಬಟ್ಟು,
ವಾಮದೇವಪ್ಪನೋರ ಹೆಸರು ಹೇಳ್ತೀನಿ
ಹೊಸ್ತಿಲಿಗೆ ಬಲಗಾಲಿಟ್ಟು.”

“ಹೂಂ, ಬಾರವ್ವ ಒಳಗೆ!” ಎಂದರು ಬಸವಣ್ಣೆಮ್ಮ, ಸೊಪ್ಪಿನಿಂದ ಕಣ್ಣೆತ್ತದೆ.

ಮರುಕ್ಷಣ ಅವರ ಕೈ ನಿಂತಿತು. ಬಾಯಿಗೆ ಸೆರಗು ಹೋಯಿತು.

ಸರ್ವಮಂಗಳಾ ನಿಂತಲ್ಲೇ ನಿಂತಳು. ಮದುವೆಯಾಗಿ ಬಂದ ದಿನ ಇದೇ ಅತ್ತೆ, ಇವರ ಓರಗಿತ್ತಿಯರು, ನಾದಿನಿಯರು ಎಲ್ಲ ಸೇರಿ ಹಳೇಪೇಟೆಯ ಮನೆಯ ಬಾಗಿಲಿಗೆ ಅಡ್ಡ ಕಟ್ಟಿ, “ಗಂಡನ ಹೆಸರು ಹೇಳು, ಒಳಗೆ ಬಾ” ಎಂದು ಕಾಡಿದ್ದರು. ಅವಳೂ ಪ್ರಾಸ ಕೂಡಿಸಿ ಒಡಪು ಹೇಳಿದ್ದಳು. ಗಂಡನ ಹೆಸರನ್ನು ಬರಿದೇ ಹೇಳಬಾರದ ಹೆಂಗಸು ಅದನ್ನು ಪದ್ಯದೊಳಗಿಟ್ಟು ಹೇಳುವ ಒಡಪು. ಹೇಳಿದ ಮೇಲೆ ಒಳಗಿನ ಹೆಂಗಸರು “ಬಾರವ್ವ ಒಳಗೆ” ಅನ್ನಬೇಕು. ಅಷ್ಟೆಲ್ಲ ಗೊತ್ತಿದ್ದೂ, ಎಂ.ಎ. ಮಾಡಿದವಳು, ಅಂಕಿತವಂತೆ ಎಂದು ಯಾರೋ ಅಂದದ್ದಕ್ಕೆ ತಲೆ ಆಡಿಸಿದ್ದಳು! ಅವಳಿಗೆ ಮೊದಲು ತನ್ನ ಮೇಲೇ ಸಿಟ್ಟು ಬಂತು.

“ಯಾರು ಅತ್ತೆಮ್ಮ ಈಕಿ?”

“ನಂಗೇನು ಗೊತ್ತು.”

“ಬಾರವ್ವ ಒಳಗೆ ಅಂದ್ರಲ್ಲ.”

“ಬಾಯಿ ಅಂದ್ಬಿಡ್ತು.” ಬಸವಣ್ಣೆಮ್ಮ ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿದರು, ಮತ್ತೆ ಚೆಲ್ಲಿದರು. “ಹಂಪವ್ವ. ಹರಿಹರದಾಕಿ. ಕಂಪನಿಯಾಗೆ ಪಾರ್ಟು ಮಾಡ್ತಿದ್ಲು. ಆಕಿ ಹೆಸರು ನಮ್ಮ ಮನ್ಯಾಗೆ ಎತ್ತಂಗಿದ್ದಿಲ್ಲ. ಗುಡಿಯಾಗೆ ತಾಳಿ ಕಟ್ಟಿದ್ರು ಅಂತ ಒಬ್ರು ಅಂತಿದ್ರು, ಇಲ್ಲ ಅಂತ ಒಬ್ರು. ಒಂದು ಹೆಣ್ಣು ಕೂಸು ಇತ್ತು. ಆಕಿ ಸತ್ತಾಗ ನಿಮ್ಮ ಮಾವ ಆಳು ಕಳಿಸಿ ಈ ಪ್ಲೇಟೆಲ್ಲ ತರಿಸಿದ್ರು. ಇದರಾಗೆ ಹೆಸರು ಹೇಳ್ಯಾಳಂತೆ, ನಾಳೆ ಆಸ್ತಿಗೆ ಬಂದಾರು ಅಂತ.”

“ಒಡೀಲಿಲ್ಲ ಯಾಕೆ?”

“ದೊಡ್ಡೋರು ಇನ್ನೂ ಇದ್ರಲ್ಲವ್ವ, ವಾಮದೇವಪ್ಪನೋರು. ಒಡೀಬ್ಯಾಡ್ರಿ, ಅಟ್ಟಕ್ಕಿಡ್ರಿ ಅಂದ್ರು. ನಮ್ಮತ್ತೆ ಮಗನ್ನ ಕೇಳಿದ್ಲು, ಆಕಿ ಹೆಸರು ಎಲ್ಲಿ ಬರ್ದಾರೆ ತೋರ್ಸು ಅಂತ. ಕಣ್ಣು ಕಾಣ್ತಿದ್ದಿಲ್ಲ ಮುದುಕಿಗೆ. ಬೆರಳಿಟ್ಟು ತೋರಿಸಿದ್ರು. ಗೋಣಿ ಹೊಲಿಯೋ ದಬ್ಬಳ ತಗಂಡು ಕೆರೆದ್ಲು. ಆಮೇಲೆ ಊಟಕ್ಕೂ ಏಳ್ಲಿಲ್ಲ.”

ಅವಳ ಹೆಸರೆತ್ತುವ ಧೈರ್ಯವಿಲ್ಲದ ಗಂಡಸು ಪ್ಲೇಟು ಒಡೆಯುವ ಧೈರ್ಯವೂ ಇಲ್ಲದೆ ಅಟ್ಟಕ್ಕಿಡಿಸಿದ. ಅದಕ್ಕೆ ಈಗ ಕಲಾಪೋಷಣೆ ಎಂದು ಹೆಸರು. ಕೋಪ ಬಂದಾಗ ಸರ್ವಮಂಗಳಾಗೆ ಮಾತು ಬರುವುದಿಲ್ಲ, ಕೆಲಸ ಬರುತ್ತದೆ. ಒದ್ದೆ ಟವೆಲು ಹಿಂಡಿ ಒಣಗಿ ಹಾಕಿದಳು. ಕಟ್ಟೆ ಉಜ್ಜಿದಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು. ಆಮೇಲೆ ಹಾಲಸ್ವಾಮಿಗೆ ಫೋನ್ ಹಚ್ಚಿದಳು.

“ಸರ್, ಅದು ಅಂಕಿತ ಅಲ್ಲ, ಒಡಪು. ತೊಳೆದ ಮೇಲೆ ಸ್ವಚ್ಛ ಕೇಳ್ತೈತಿ. ‘ವಾಮದೇವಪ್ಪನೋರ ಹೆಸರು ಹೇಳ್ತೀನಿ’ ಅಂತಾಳೆ.”

“ಗೌರವಾರ್ಥ ಇರಬಹುದು ಮೇಡಂ.”

“ದೇವರಿಗೆ ‘ನೋರು’ ಅಂತ ಯಾರು ಹಚ್ತಾರೆ ಸರ್? ಶಿವಪ್ಪನೋರು ಬಂದ್ರು, ಪಾರ್ವತಮ್ಮನೋರು ಕಾಫಿ ಕೊಟ್ರು ಅಂತ ಎಲ್ಲಾದ್ರೂ ಓದೀರಾ?”

ಅವರು ನಕ್ಕರು. “ಸಂಶೋಧನೆಯಲ್ಲಿ ಇಷ್ಟು ಭಾವುಕರಾಗಬಾರದು. ಯಜಮಾನ್ರಿಗೆ ಒಂದು ಮಾತು ಕೇಳಿ. ಪ್ರಾಯೋಜಕರು ಅವರೇ ಅಲ್ವಾ?”

ಯಜಮಾನ್ರನ್ನು ಕೇಳುವ ಮೊದಲು ಅವಳು ಮಾರನೆಯ ದಿನ ಕಾಲೇಜು ಮುಗಿಸಿ ಹರಿಹರದ ಬಸ್ಸು ಹತ್ತಿದಳು. ಹರಿಹರೇಶ್ವರನ ಗುಡಿಯ ಹಿಂದಿನ ಓಣಿಯಲ್ಲಿ ಹಂಪವ್ವನ ಮೊಮ್ಮಗಳು ಅಂಜಿನವ್ವ ಖಾನಾವಳಿ ಇಟ್ಟಿದ್ದಾಳೆಂದು ಬಸವಣ್ಣೆಮ್ಮನೇ ಹೇಳಿದ್ದರು. ಇಷ್ಟು ವರ್ಷ ಹೆಸರೆತ್ತದವರಿಗೆ ಓಣಿ, ಬಾಗಿಲು ಎಲ್ಲ ಗೊತ್ತಿತ್ತು.

ಅಂಜಿನವ್ವ ಹೆಚ್ಚು ಕಡಿಮೆ ಅವಳದೇ ವಯಸ್ಸಿನವಳು. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಸರ್ವಮಂಗಳಾ ಯಾರ ಮನೆಯ ಸೊಸೆ ಎಂದು ಹೇಳಿಕೊಂಡಾಗ ತಟ್ಟುವ ಕೈ ಒಂದಿಷ್ಟು ಜೋರಾಯಿತು, ಅಷ್ಟೆ.

“ಓಹೋ, ಕೂಡ್ರಿ ಕೂಡ್ರಿ. ಲೆಕ್ಕ ಹಿಡಿದ್ರೆ ನಿಮ್ಮ ಯಜಮಾನ್ರಿಗೆ ನಾನು ಸ್ವಾದರತ್ತೆ ಮಗಳು. ನನ್ನೇ ಮದುವಿ ಆಗಬೇಕಿತ್ತು, ಪುಣ್ಯಾತ್ಮ ತಪ್ಪಿಸ್ಕಂಡ. ನೀವು ಸಿಕ್ಕಂಡ್ರಿ.”

ನಗಬೇಕೋ ಬೇಡವೋ ತಿಳಿಯದೆ ಸರ್ವಮಂಗಳಾ ಮಣೆಯ ಮೇಲೆ ಕೂತಳು.

“ನಿಮ್ಮಜ್ಜಿ ಹಾಡಿದ ಪ್ಲೇಟು ನಮ್ಮನೇಲಿ ಸಿಕ್ಕೈತಿ.”

“ಸಿಕ್ಕೈತಾ? ಕಳೆದಿದ್ದು ಸಿಕ್ಕತೈತ್ರಿ. ಅದನ್ನ ಒಯ್ದಿದ್ದು. ನಾನಾಗ ಸಣ್ಣಾಕಿ. ಅಜ್ಜೀನ ಮಣ್ಣು ಮಾಡಿ ಬಂದು ನಮ್ಮವ್ವ ಇನ್ನೂ ಮೈಮ್ಯಾಲೆ ನೀರು ಹಾಕ್ಕಂಡಿದ್ದಿಲ್ಲ, ಜಟಕಾ ಬಂತು. ದಾವಣಗೆರೆಯಿಂದ ಮಂದಿ ಬಂದ್ರು ಅಂತ ನಮ್ಮವ್ವ ಎದೆ ಎದೆ ಬಡ್ಕಂಡು ಹೊರಗೆ ಓಡಿದ್ಲು, ಕೊನೀಗಾದ್ರೂ ಬಂದ್ರಲ್ಲ ಅಂತ. ಅವರು ಸೀದಾ ಒಳಗೆ ಹೋಗಿ ಪ್ಲೇಟು, ಪೆಟ್ಟಿಗೆ ಎತ್ಕಂಡು ಹೋದ್ರು.” ಅವಳು ರೊಟ್ಟಿಯನ್ನು ಹಂಚಿಗೆ ಬಡಿದಳು. “ಮಣ್ಣಿಗೆ ಬರಲಿಲ್ಲ ನಿಮ್ಮ ಮಂದಿ, ಪ್ಲೇಟಿಗೆ ಬಂದ್ರು. ಈಗ ನೀವು ಯಾತಕ್ಕೆ ಬಂದೀರಿ?”

ಸರ್ವಮಂಗಳಾ ಫೋನ್ ತೆಗೆದು ಹಾಡು ಹಚ್ಚಿದಳು.

ಅಂಜಿನವ್ವನ ಕೈ ಹಿಟ್ಟಿನಲ್ಲೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು. ಊಟಕ್ಕೆ ಕೂತ ಇಬ್ಬರು ಲಾರಿಯವರು ತಿರುಗಿ ನೋಡಿದರು. ಹಾಡಿನ ಉದ್ದಕ್ಕೂ ಅವಳ ಮುಖ ಅರಳುತ್ತಿತ್ತು; “ನಮ್ಮವ್ವಂದೂ ಇದೇ ಗಂಟಲು” ಎಂದಳು ಒಮ್ಮೆ. ಒಡಪು ಬಂದದ್ದೇ ಮುಖ ಬಿಗಿಯಿತು.

“ಇನ್ನೊಂದ್ಸಲ ಹಚ್ರಿ ಕೊನೀದು.”

ಹಚ್ಚಿದಳು.

“ಥೂ ಇವಳ!” ಎಂದಳು ಅಂಜಿನವ್ವ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿಯಿತ್ತು. “ಕಂಪನಿಯೋರೆಲ್ಲ ತಂತಮ್ಮ ಹೆಸರು ಹೇಳ್ತಿದ್ರಂತೆ ಪ್ಲೇಟಿನಾಗೆ. ನಮ್ಮವ್ವ ಹೇಳ್ತಿದ್ಲು. ನಾನು ಹರಿಹರದ ಹಂಪವ್ವ ಅನ್ನಾಕೆ ಏನು ದಾಡಿ ಆಗಿತ್ತು ಈಕಿಗೆ? ಇದ್ದಿದ್ದು ಒಂದು ಗಳಿಗಿ. ಅದರಾಗೂ ಆ ಹೇಡಿ ಹೆಸರು! ಹೊಸ್ತಿಲಿಗೆ ಬಲಗಾಲಿಡ್ತಾಳಂತೆ. ಯಾವ ಹೊಸ್ತಿಲು? ಕಂಪನಿ ಗುಡಾರಕ್ಕೆ ಹೊಸ್ತಿಲಿತ್ತಾ?”

ಇದು ಸರ್ವಮಂಗಳಾಗೆ ಹೊಳೆದಿರಲಿಲ್ಲ. ಹೆಂಡತಿ ಎಂಬ ಹಕ್ಕನ್ನು ಜಗತ್ತಿಗೆಲ್ಲ ಕೇಳುವ ಹಾಗೆ ಸಾರಿದಳಲ್ಲ ಎಂದು ಅವಳು ಹಿಂದಿನ ದಿನದಿಂದ ಆ ಹೆಂಗಸಿನ ಮೇಲೆ ಹೆಮ್ಮೆ ಪಡುತ್ತಿದ್ದಳು. ಆ ಹಕ್ಕು ಹೇಳಲು ಅವಳು ಬೆಲೆಯಾಗಿ ಕೊಟ್ಟದ್ದು ತನ್ನ ಹೆಸರನ್ನು. ಒಡಪಿನಲ್ಲಿ ಹೇಳುವವಳ ಹೆಸರಿಗೆ ಜಾಗವೇ ಇಲ್ಲ. ಮದುವೆಯ ದಿನ ತಾನು ಹೇಳಿದ ಒಡಪಿನಲ್ಲೂ ಇರಲಿಲ್ಲ. ಭಾನುವಾರದ ಆಮಂತ್ರಣದಲ್ಲಿ ಸ್ವಾಗತ ಕೋರುವವರು ‘ಶ್ರೀಮತಿ ಬಕ್ಕೇಶ್’. ಆ ಕಾರ್ಡಿನ ಕರಡು ತಿದ್ದಿದವಳು ತಾನೇ. ಕಾಗುಣಿತ ಸರಿಯಿದೆಯೇ ಎಂದು ನೋಡಿದ್ದಳು!

“ಅಂಜಿನವ್ವ, ನಾನು ಹೆಸರು ಹಾಕಿಸ್ತೀನಿ. ಪುಸ್ತಕದಾಗೆ, ವೇದಿಕೆ ಮ್ಯಾಲೆ.”

“ಯಾರ ಹೆಸರು? ವಾಮದೇವಪ್ಪನ ಎರಡನೇ ಹೆಂಡ್ತಿ ಅಂತ ಹಾಕಂಗಿದ್ರೆ ಬ್ಯಾಡ್ರಿ. ನಿಮ್ಮ ಮನೆ ಹೆಸರು ನಮಗೆ ಬ್ಯಾಡ, ನಿಮ್ಮ ಮಣ್ಣೂ ಬ್ಯಾಡ. ಹರಿಹರದ ಹಂಪವ್ವ ಹಾಡಿದ್ಲು ಅಂತ ಅನ್ನಾಕಾದ್ರೆ ಅನ್ರಿ. ಇಲ್ಲಾಂದ್ರೆ ಆ ಪ್ಲೇಟು ನಮ್ಮದು, ನಮ್ಮದು ನಮಗೆ ಕೊಡ್ರಿ. ನಮ್ಮವ್ವನ ಗಂಟಲು ಹೆಂಗಿತ್ತು ಅಂತ ನಮ್ಮ ಹುಡುಗ್ರಿಗೆ ಕೇಳಿಸ್ತೀನಿ.” ಸುಟ್ಟ ರೊಟ್ಟಿಯನ್ನು ಪಕ್ಕಕ್ಕೆ ಎಸೆದು ಹೊಸ ಉಂಡೆ ತಗೊಂಡಳು. “ಉಂಡು ಹೋಗ್ರಿ. ಸಿಟ್ಟು ಊಟದ ಮ್ಯಾಲಲ್ಲ.”

ಶುಕ್ರವಾರ ಸಂಜೆ ಬಕ್ಕೇಶ್ ಅಂಗಡಿಯಿಂದ ಬಂದು ಕೈಕಾಲು ತೊಳೆದು ಮಂಡಕ್ಕಿ ಮೆಣಸಿನಕಾಯಿಗೆ ಕೂತಾಗ ಅವಳು ಎಲ್ಲ ಹೇಳಿದಳು. ಅವನು ಒಂದು ಮೆಣಸಿನಕಾಯಿ ಪೂರ್ತಿ ತಿಂದು ಮುಗಿಸಿದ. ಹಾಲಸ್ವಾಮಿ ಆಗಲೇ ಅವನಿಗೆ ಫೋನ್ ಮಾಡಿ ಹೇಳಿಯಾಗಿತ್ತು.

“ಹುಡುಕಿ ಹುಡುಕಿ ನಿನ್ನ ಸಂಶೋಧನೆ ನಮ್ಮ ಬಚ್ಚಲಿಗೇ ಬಂತಲ್ಲ. ಭಾನುವಾರ ಸ್ವಾಮೇರು ಬರ್ತಾರೆ, ಬೀಗರು ಬರ್ತಾರೆ. ಅವರ ಮುಂದೆ ನಮ್ಮ ತಾತ ಒಬ್ಬಾಕಿನ್ನ ಇಟ್ಕಂಡಿದ್ದ ಅಂತ ಮೈಕ್‌ನಾಗೆ ಹೇಳ್ಲಾ?”

“ಇಟ್ಕಂಡಿದ್ದ ಅನ್ನಬ್ಯಾಡ್ರಿ. ಹೆಂಡ್ತಿ ಹೇಳ್ದಂಗೆ ಹೇಳ್ಯಾಳೆ ಆಕಿ.”

“ಹೇಳಿದ್ರೆ ಆಗಿಬಿಡ್ತಾ? ನಾಳೆ ನಾನು ಮೈಸೂರು ಮಹಾರಾಜ ಅಂತೀನಿ.”

“ನೀವು ಹೇಳಿದ್ದೆಲ್ಲ ಆಗೇತಲ್ರಿ ಈ ಮನ್ಯಾಗೆ. ಆಕಿದು ಒಂದು ಮಾತು ಆಗಬಾರದಾ?”

ಬಕ್ಕೇಶ್ ತಟ್ಟೆ ಸರಿಸಿದ. “ನೋಡು, ಜಗಳ ಬ್ಯಾಡ. ಹಾಲಸ್ವಾಮಿ ದಾರಿ ಹೇಳ್ಯಾರೆ. ‘ವಾಮದೇವ’ ಅನ್ನೋ ತನಕ ಇಟ್ಕ, ಮುಂದಿಂದು ಕತ್ತರಿಸು. ಕಂಪ್ಯೂಟರಿನಾಗೆ ಎಷ್ಟೊತ್ತಿನ ಕೆಲಸ?”

ಹೆಸರನ್ನು ನಡುವಿಗೇ ತುಂಡು ಮಾಡಬೇಕು. ‘ವಾಮದೇವ’ ಉಳಿದರೆ ದೇವರು. ‘ಪ್ಪನೋರು’ ಬಂದರೆ ಗಂಡ.

“ಆಯ್ತು, ಒಡಪು ಪೂರ್ತಿ ತೆಗೀತೀನಿ. ಹೆಸರು ಹಾಕ್ರಿ. ಹಾಡಿದವರು ಹರಿಹರದ ಹಂಪವ್ವ. ಸಂಬಂಧ ಗಿಂಬಂಧ ಏನೂ ಹಾಕಬ್ಯಾಡ್ರಿ. ಬರೀ ಹೆಸರು.”

“ಹೆಸರು ಹಾಕಿದ್ರೆ ಆ ಖಾನಾವಳಿಯಾಕಿ ನಾಳೆ ಆಧಾರ್ ಕಾರ್ಡ್ ಹಿಡ್ಕಂಡು ಅಂಗಡಿ ಬಾಗಿಲಿಗೆ ಬರ್ತಾಳೆ.”

“ನಿಮ್ಮ ಮಣ್ಣೂ ಬ್ಯಾಡ ಅಂದ್ಲು.”

“ಎಲ್ರೂ ಮೊದ್ಲು ಹಂಗೇ ಅನ್ನೋದು. ಅಜ್ಞಾತ ಗಾಯಕಿ ಅಂತ ಅಚ್ಚಾಗೇತಿ, ಹಂಗೇ ಇರ್ಲಿ.”

ಮೂಲೆಯಲ್ಲಿದ್ದ ಬಸವಣ್ಣೆಮ್ಮ ಕೆಮ್ಮಿದರು. “ಹಾಕೋ ಬಕ್ಕೇಶ. ಸತ್ತು ಎಷ್ಟು ಕಾಲಾತು. ಅಜ್ಞಾತ ಯಾಕ ಆಗ್ತಾಳೆ, ಈ ಮನ್ಯಾಗೆ ಎಲ್ರಿಗೂ ಗೊತ್ತಿತ್ತಲ್ಲ.”

“ನೀನು ಸುಮ್ನಿರವ್ವ. ನಿನಗಿವೆಲ್ಲ ತಿಳಿಯಂಗಿಲ್ಲ.”

ಅವರು ಸುಮ್ಮನಾದರು. ಅದು ಅವರಿಗೆ ರೂಢಿಯಾಗಿತ್ತು. ಸರ್ವಮಂಗಳಾ ಅತ್ತೆಯ ಕಡೆ ನೋಡಿದಳು. ಆ ಮುಖದಲ್ಲಿ ಬೇಸರವೂ ಇರಲಿಲ್ಲ. ಯಾರೋ ಬಾಗಿಲು ಹಾಕಿದರೆ ಈಚೆ ಸರಿದು ನಿಲ್ಲುವವರ ಹಾಗಿತ್ತು. ಇನ್ನು ಕೆಲವು ವರ್ಷಕ್ಕೆ ತನ್ನ ಮುಖವೂ ಹೀಗೇ ಆಗುತ್ತದೆ ಎನ್ನಿಸಿದಾಗ ಅವಳಿಗೆ ಬಂದ ಕೋಪಕ್ಕೆ ಗಂಡ, ಹಾಲಸ್ವಾಮಿ, ವಾಮದೇವಪ್ಪ ಯಾರೂ ಸಾಕಾಗಲಿಲ್ಲ. ಮಂಡಕ್ಕಿ ತಟ್ಟೆಯನ್ನು ಗೋಡೆಗೆ ಒಗೆಯಬೇಕು ಅನ್ನಿಸಿತು. ಒಗೆದರೆ ನಾಳೆ ಇವರೆಲ್ಲ ತಟ್ಟೆಯ ಮಾತನ್ನೇ ಆಡುತ್ತಾರೆ, ಹಂಪವ್ವನದಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಟೀ ಸೋಸಿ ಮೂರು ಲೋಟಕ್ಕೆ ಹಾಕಿದಳು.

“ಸಿಟ್ಟು ಬಂತಾ?” ಟೀ ತಗೊಳ್ಳುತ್ತಾ ಬಕ್ಕೇಶ್ ಮೆತ್ತಗೆ ಕೇಳಿದ. ಗೆದ್ದವರ ದನಿ ಯಾವಾಗಲೂ ಮೆತ್ತಗೇ ಇರುತ್ತದೆ. “ನಾಳೆ ಸಂಜೀಕೆ ಗಾಜಿನ ಪೆಟ್ಟಿಗೆಯೋನು ಬರ್ತಾನೆ, ಪ್ಲೇಟು ಕೊಟ್ಬಿಡು. ಹಾಡು ಕತ್ತರಿಸಿ ಹಾಲಸ್ವಾಮಿಗೆ ಕ್ಲಿಪ್ ಕಳಿಸು.”

“ಹೂಂ” ಎಂದಳು.

ಅವನು ಟಿವಿ ಹಚ್ಚಿದ. ಅವಳು ಅತ್ತೆಗೆ ಟೀ ಕೊಟ್ಟು, ಅವರ ಕಾಲ ಬಳಿ ಕೂತು ಲೋಟ ಆರುವುದನ್ನು ಕಾದಳು. ಕಾಯುತ್ತಾ ಎಲ್ಲವನ್ನೂ ಒಂದೊಂದಾಗಿ ಜೋಡಿಸಿಕೊಂಡಳು. ನಾಳೆ ಎರಡನೇ ಶನಿವಾರ, ಕಾಲೇಜಿಲ್ಲ. ಅವನು ಅಂಗಡಿಗೆ ಹೊರಟ ಮೇಲೆ ಪ್ಲೇಟನ್ನು ಹತ್ತಿ ಸೀರೆಯಲ್ಲಿ ಸುತ್ತಿ, ಎರಡು ರಟ್ಟಿನ ನಡುವೆ ಕಟ್ಟಿ, ಹರಿಹರದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುವುದು. ಅಂಜಿನವ್ವನ ಕೈಗೆ ಕೊಡುವುದು. ಕೊನೆಯವರೆಗೆ ಪೂರ್ತಿ ಇರುವ ಹಾಡನ್ನು ತಾನು ಬರೆಯುವ ಸಂಗ್ರಹಾಲಯಕ್ಕೆ ಕಳಿಸುವುದು. ಹಾಡಿದವರು, ಹರಿಹರದ ಹಂಪವ್ವ. ಪತ್ತೆ ಮಾಡಿದವರು ಎಂದಿರುವಲ್ಲಿ ಸರ್ವಮಂಗಳಾ ಎಂದಷ್ಟೇ ಬರೆಯುವುದು.

ಸಂಜೆ ಪೆಟ್ಟಿಗೆಯವನು ಬಂದಾಗ ಏನು ಹೇಳುವುದು ಎಂದು ಯೋಚಿಸಿದಳು. ಏನೂ ಹೇಳಬೇಕಿಲ್ಲ ಅನ್ನಿಸಿತು.

“ಏನವ್ವ ಯೋಚನೆ?” ಬಸವಣ್ಣೆಮ್ಮ ಬಗ್ಗಿ ಕೇಳಿದರು.

“ಏನಿಲ್ಲ ಅತ್ತೆಮ್ಮ. ಟೀ ಕುಡೀರಿ, ಆರ್ತೈತಿ.”